ಕೆರೆ ಏರಿಗೆ ಹೋದ ಅಕ್ಕಿ ಚೀಲಗಳು

ಆ ದಿನ ಮಧುಗಿರಿಯ ಗೋಡೌನಿನಿಂದ ಯಾವ ಗಾಡಿ ಮೊದಲು ಹೋಗಬೇಕು, ಯಾವುದು ಆಮೇಲೆ ಎಂದು ಬೆಳಗ್ಗೆಯೇ ಬಿಳಿ ಹಲಗೆಯ ಮೇಲೆ ಬರೆದವಳು ನಾನೇ. ಹಾಗಾಗಿ ಮುಂದೆ ನಡೆದದ್ದನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಗೋಡೌನು ಎಂದರೆ ಮುಚ್ಚಿಹೋದ ಒಂದು ಕಡಲೆಕಾಯಿ ಮಿಲ್ಲಿನ ಶೆಡ್ಡು. ಯಜಮಾನರು ಮಳೆ ನಿಲ್ಲುವವರೆಗೆ ಬಳಸಿಕೊಳ್ಳಿ ಎಂದು ಬೀಗದ ಕೈ ಕೊಟ್ಟಿದ್ದರು. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ನಮ್ಮ ಕಡೆಯ ಜನ ಕೆರೆ ಕೋಡಿ ಬಿತ್ತೆಂದರೆ ಬಾಗಿನ ಹಿಡಿದು ಓಡುವವರು. ಆ ವರ್ಷ ಕೋಡಿಯ ಹೆಸರು ಕೇಳಿದರೆ ಹೆದರುತ್ತಿದ್ದರು. ಜಯಮಂಗಲಿ ಹೊಳೆ ಕೊರಟಗೆರೆ ಕಡೆಯಿಂದಲೇ ತುಂಬಿಕೊಂಡು ಬರುತ್ತಿತ್ತು. ದಡದ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕೂತುಹೋಗುತ್ತಿದ್ದವು.

ತಾಲ್ಲೂಕು ಕಚೇರಿ, ನಮ್ಮ ಸಂಸ್ಥೆ, ಬೆಂಗಳೂರಿನ ಒಂದು ಕಂಪನಿಯ ಟ್ರಸ್ಟು, ಮಠವೊಂದರ ಅಡುಗೆಮನೆ, ಹೀಗೆ ನಾಲ್ಕೂ ಕಡೆಯಿಂದ ನೆರೆ ಪರಿಹಾರದ ಸಾಮಾನು ಬರುತ್ತಿತ್ತು. ಯಾವ ಸಾಮಾನು, ಯಾವ ಗಾಡಿ, ಯಾವ ದಾರಿ, ಅಲ್ಲಿ ಇಳಿಸಿಕೊಳ್ಳುವವರು ಯಾರು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಕೂಡಿಸುವುದು ನನ್ನ ಕೆಲಸ. ಕೂತಲ್ಲೇ ಮಾಡುವ ಕೆಲಸ. ಒಂದು ಕುರ್ಚಿ, ಎರಡು ಫೋನು, ಒಂದು ಹಲಗೆ.

ಆ ದಿನದ ಮೊದಲ ಗಾಡಿಯಲ್ಲಿ ಟ್ರಸ್ಟಿನವರ ಅಕ್ಕಿ. ಇಪ್ಪತ್ತೈದು ಕೆಜಿಯ ನೂರ ಅರವತ್ತು ಚೀಲ, ಚೀಲದ ಮೇಲೆ ಅವರ ಗುರುತು. ಹೊಳೆಯಾಚೆ ಒಂದು ಕೆರೆಯ ಊರು ದಾಟಿದ ಮೇಲೆ ಸಿಗುವ ಸಣ್ಣ ಹಟ್ಟಿಗೆ ಅದು ಹೋಗಬೇಕಿತ್ತು. ಆ ಹಟ್ಟಿಯಲ್ಲಿ ಮನೆಗಳ ಜೊತೆ ಕಣಜದ ರಾಗಿಯೂ ನೀರು ಪಾಲಾಗಿತ್ತು. ಟ್ರಸ್ಟಿನ ಷರತ್ತು ಮೂರು: ಚೀಲ ಬಿಚ್ಚಬಾರದು, ಅದರ ಜೊತೆ ಬೇರೆ ಸಾಮಾನು ಹೇರಬಾರದು, ಚೀಲ ಹಿಡಿದ ಫಲಾನುಭವಿಯ ಫೋಟೊ ಬೇಕು. ಜವಾಬ್ದಾರಿಯುತ ಒಬ್ಬರು ಗಾಡಿಯ ಜೊತೆಗೇ ಹೋಗಿ ಸಹಿ ಪಡೆಯಬೇಕೆಂದೂ ಹೇಳಿದ್ದರು. ಹಾಗಾಗಿ ಆ ದಿನ ನಾನೂ ಹೊರಟಿದ್ದೆ.

ಏಳು ಗಂಟೆಗೆ ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರ್ ಫೋನು ಮಾಡಿದರು. ಹಿಂದಿನ ಸಂಜೆ ಶಿರಾದಿಂದ ಅವರ ಖಾಲಿ ಚೀಲದ ಕಟ್ಟುಗಳು ನಮ್ಮ ಗೋಡೌನಿಗೆ ಬಂದು ಬಿದ್ದಿದ್ದವು. ಅಕ್ಕಿ ಲಾರಿಯಲ್ಲೇ ಎರಡು ಕಟ್ಟು ಹಾಕಿಬಿಡಿ, ದಾರಿಯಲ್ಲಿ ಆ ಕೆರೆ ಏರಿ ಸ್ವಲ್ಪ ಜಿನುಗುತ್ತಿದೆಯಂತೆ ಎಂದರು. ಬೇರೆ ಸಾಮಾನು ಸೇರಿಸುವ ಹಾಗಿಲ್ಲ, ಎರಡು ಗಂಟೆ ಬಿಟ್ಟು ಟೆಂಪೊ ಬರುತ್ತದೆ, ಅದರಲ್ಲಿ ಕಳಿಸುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಸರಿ, ನೋಡಿ ಎಂದು ಫೋನು ಇಟ್ಟರು. ಎರಡು ಕಟ್ಟೆಂದರೆ ಲಾರಿಯ ಮೂಲೆಯಲ್ಲಿ ಒಬ್ಬ ಆಳು ಕೂರುವಷ್ಟು ಜಾಗ.

ಲಾರಿಯ ಚಾಲಕ ಪಾವಗಡದ ತಿರುಮಣಿ ಕಡೆಯವನು. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಸ್ಟೇರಿಂಗ್ ಹಿಡಿದವನು, ನಲವತ್ತು ದಾಟಿದ ಮಿತಭಾಷಿ. ಹೊಳೆಯ ತಗ್ಗಿನ ಸೇತುವೆ ದಾಟುವಾಗ ನೀರು ಅದರ ಕಾಂಕ್ರೀಟ್ ಹಾಸಿಗಿಂತ ಒಂದು ಗೇಣು ಕೆಳಗಿತ್ತು. ಅವನು ಗಾಡಿ ನಿಲ್ಲಿಸಿ ಇಳಿದು ನೋಡಿದ, ಹತ್ತಿ ದಾಟಿಸಿದ. ಕೆರೆಯ ಊರನ್ನು ಹಾದು ಮುಂದೆ ಹೋದರೆ ರಸ್ತೆಯೇ ಇರಲಿಲ್ಲ. ಕೋಡಿಯ ನೀರು ರಸ್ತೆಯನ್ನು ಅಡ್ಡಕ್ಕೆ ಕತ್ತರಿಸಿ ಸೊಂಟದೆತ್ತರ ಹರಿಯುತ್ತಿತ್ತು. ಆಚೆ ದಿಬ್ಬದ ಮೇಲೆ ನಾವು ಹೋಗಬೇಕಾದ ಹಟ್ಟಿ ಕಾಣುತ್ತಿತ್ತು.

"ಈ ನೀಳ್ಳಲ್ಲಿ ಬಂಡಿ ಇಳಿಸಿದ್ರೆ ಅಂತೇ ಮೇಡಂ," ಎಂದ ಚಾಲಕ, ತನ್ನ ಕಡೆಯ ತೆಲುಗು ಬೆರೆಸಿ; ಈ ನೀರಿಗೆ ಇಳಿಸಿದರೆ ಮುಗಿದೇ ಹೋಯಿತೆಂದು. ಹಿಂದಕ್ಕೆ ತಿರುಗಿಸಿದ.

ಹೊಳೆಯ ಬಳಿ ವಾಪಸು ಬಂದಾಗ ಸೇತುವೆಯ ಮೇಲೆ ಕೆಂಪು ನೀರು ಓಡುತ್ತಿತ್ತು. ಪಕ್ಕದ ಕಂಬಗಳಲ್ಲಿ ಎರಡು ಆಗಲೇ ಇರಲಿಲ್ಲ. ನಾವು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ.

ಮುಂದೆ ಕೋಡಿ, ಹಿಂದೆ ಹೊಳೆ, ನಡುವೆ ಎರಡು ಕಿಲೋಮೀಟರ್ ರಸ್ತೆ, ಅದರ ಪಕ್ಕಕ್ಕೆ ಊರು, ಊರಿನ ತಲೆಯ ಮೇಲೆ ಕೆರೆ. ಮೊದಲು ನನಗೆ ಆದದ್ದು ಬರೀ ಕಿರಿಕಿರಿ. ಸಹಿ ಇವತ್ತು ಸಿಗುವುದಿಲ್ಲವಲ್ಲ ಎಂದು. ಊರಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ, ಏರಿಯ ಮೇಲೆ ತೂಬಿನ ಹತ್ತಿರ ನಿಂತರೆ ಮಾತ್ರ ಸಿಗುತ್ತಿತ್ತು. ಹತ್ತಿ ಹೋಗಿ ನಮ್ಮ ವಾಟ್ಸಾಪ್ ಗುಂಪಿಗೆ ಬರೆದೆ. ಕೈಮುಗಿದ ಚಿತ್ರ ಎರಡು, ಹೆಬ್ಬೆರಳು ಮೂರು ಬಂದವು. ಅವು ಬಂದ ಮೇಲೇ ನಾವು ಸಿಕ್ಕಿಕೊಂಡಿದ್ದೇವೆಂದು ನನಗೆ ತಿಳಿದದ್ದು. ಇಷ್ಟು ದಿನ ಅದೇ ಹೆಬ್ಬೆರಳನ್ನು ನಾನೂ ಕಳಿಸಿದ್ದೆ. ಯಾರೂ ಮಾಡಿನ ಮೇಲೆ ಕೂತಿಲ್ಲ, ಯಾರಿಗೂ ಗಾಯವಿಲ್ಲ ಎಂದು ಬರೆದ ಊರು ಹಲಗೆಯ ಮೇಲೆ ಎಷ್ಟು ಕೆಳಗೆ ಹೋಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ಜಿಲ್ಲೆಯ ನಮ್ಮ ಭಾಗಕ್ಕೆ ಬಂದಿದ್ದ ಒಂದೇ ರಬ್ಬರ್ ದೋಣಿ ಆ ಹೊತ್ತಿಗೆ ಎಲ್ಲಿದೆಯೆಂದೂ ಗೊತ್ತಿತ್ತು. ನಮ್ಮ ಕಡೆ ಅದು ಬರುವುದಿಲ್ಲ.

ಏರಿಯ ಮೇಲೆಯೇ ಆ ಊರಿನ ನೀರುಗಂಟಿ ನನ್ನನ್ನು ಹಿಡಿದರು. ಅರವತ್ತೈದರ ಮೇಲಾಗಿರಬೇಕು. ತಂದೆ, ತಾತ ಎಲ್ಲರೂ ಆ ಕೆರೆಯ ತೂಬು ಎತ್ತಿ ಇಳಿಸಿದವರು. ಗದ್ದೆಗಳೇ ಇಲ್ಲದಾದ ಮೇಲೂ ತಾವು ದಿನಾ ಏರಿ ಮೇಲೆ ಒಂದು ಸುತ್ತು ಬರುವುದುಂಟು ಎಂದು ಆಮೇಲೆ ಹೇಳಿದರು. ಆಗ ಹೇಳಿದ್ದು ಇಷ್ಟೇ, ಕೆಳಕ್ಕೆ ಬನ್ನಿ ಎಂದು.

ತೂಬಿನಿಂದ ಮೂವತ್ತು ಹೆಜ್ಜೆ ಆಚೆ, ಏರಿಯ ಹೊರಬುಡದಲ್ಲಿ, ಹುಲ್ಲಿನ ನಡುವೆ ಮುಂಗೈ ದಪ್ಪದ ನೀರು ಕುದಿಯುವಂತೆ ಮೇಲೇಳುತ್ತಿತ್ತು. ಅವರು ಬೊಗಸೆಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ಹೊತ್ತಾರೆ ತಿಳಿ ಇತ್ತು ಕಣಮ್ಮ. ಈಗ ನೋಡು, ಮಣ್ಣ ತತ್ತೈತೆ. ಹೊಟ್ಟೇಲಿರೋದ ಒಂದೊಂದೇ ಆಚಿಗ್ ಹಾಕ್ತಾ ಐತೆ. ಇಂಗೇ ಬುಟ್ರೆ ಹೋಗ್ಬುಡ್ತದೆ."

ನೀರು ಹಾಲು ಕಡಿಮೆ ಹಾಕಿದ ಚಹಾದ ಬಣ್ಣವಾಗಿತ್ತು.

ತೂಬಿನ ಹತ್ತಿರ ಹತ್ತಿ ಇಂಜಿನಿಯರಿಗೆ ಫೋನು ಮಾಡಿದೆ. ಅವರು ಹೊಳೆಯ ಆಚೆ ದಡದಲ್ಲಿ ನಿಂತಿದ್ದರು. ಪಕ್ಕದಲ್ಲಿ ನಮ್ಮ ಟೆಂಪೊ, ಟೆಂಪೊದಲ್ಲಿ ಖಾಲಿ ಚೀಲದ ಕಟ್ಟುಗಳು. ದಾಟಲು ಸೇತುವೆ ಇಲ್ಲ. ಬೆಳಗಿನ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನೀರಿನ ದಪ್ಪ, ಬಣ್ಣ, ತೂಬಿನಿಂದ ದೂರ ಎಲ್ಲಾ ಕೇಳಿಕೊಂಡು, ಮಾಡಬೇಕಾದ್ದನ್ನು ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದರು. ತೂತನ್ನು ಮುಚ್ಚಲು ಹೋಗಬೇಡಿ, ಮುಚ್ಚಿದರೆ ಬೇರೆ ಕಡೆ ಒಡೆಯುತ್ತದೆ. ಬಾಯಿಗೆ ಮರಳು, ಅದರ ಮೇಲೆ ಸಣ್ಣ ಜಲ್ಲಿ ಹಾಕಿ. ನೀರು ಬರಲಿ, ಮಣ್ಣು ಬರಬಾರದು. ಸುತ್ತ ಮಣ್ಣಿನ ಚೀಲ ಜೋಡಿಸಿ ಬಾವಿಯ ಕಟ್ಟೆಯ ಹಾಗೆ ಎತ್ತರಿಸಿ. ಒಳಗೆ ನೀರು ನಿಂತರೆ ಅದರ ಭಾರಕ್ಕೇ ಒಳಗಿನ ರಭಸ ಇಳಿಯುತ್ತದೆ. ಚೀಲ ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಹೊಲಿಯಬೇಡಿ, ಬಾಯಿ ಮಡಚಿ ಕೆಳಕ್ಕೆ ಮಾಡಿ ಇಡಿ. ಎಷ್ಟು ಚೀಲ ಬೇಕು ಎಂದು ಕೇಳಿದೆ. ನೂರೈವತ್ತಾದರೂ ಬೇಕು ಎಂದರು.

ಬಿದ್ದ ಮನೆಗಳ ಪಟ್ಟಿ ಮಾಡಲು ಹಿಂದಿನ ದಿನ ಬಂದು ಅಲ್ಲೇ ಉಳಿದುಹೋಗಿದ್ದ ಗ್ರಾಮ ಲೆಕ್ಕಿಗರೊಬ್ಬರು ಊರಿನಲ್ಲಿದ್ದರು. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅವರು ಕೆಳಗಿನ ಬೀದಿಯವರನ್ನೆಲ್ಲ ದಿಬ್ಬದ ಮೇಲಿನ ಶಾಲೆಗೆ ಏರಿಸುವ ಕೆಲಸ ಹಿಡಿದರು. ಅದೇ ಹೊತ್ತಿನಲ್ಲಿ ಮನೆಮನೆಯಿಂದ ಖಾಲಿ ಚೀಲ ಕೇಳಿದೆವು. ಗೊಬ್ಬರದ ಚೀಲ, ಹಿಂಡಿ ಚೀಲ ಎಲ್ಲಾ ಸೇರಿ ಮೂವತ್ತೆರಡು ಬಂದವು. ಅರ್ಧಕ್ಕರ್ಧ ಹರಿದವು. ಉಳಿದವನ್ನು ಜನ ಆಗಲೇ ಮಾಡಿನ ಸೋರಿಕೆಗೆ ಕತ್ತರಿಸಿ ಹೊದಿಸಿದ್ದರು.

ಶಾಲೆಯ ಮುಂದೆ ನನ್ನ ಲಾರಿ ನಿಂತಿತ್ತು, ನೂರ ಅರವತ್ತು ಗಟ್ಟಿ ಚೀಲ ಹೊತ್ತು.

ಮತ್ತೆ ಏರಿ ಹತ್ತಿದೆ. ಈಗ ಕಾಲ ಕೆಳಗಿನ ಮಣ್ಣನ್ನು ನಂಬದೆ ಹತ್ತಿದೆ. ಆದರೆ ಸಿಗ್ನಲ್ ಇದ್ದದ್ದು ಅಲ್ಲೊಂದೇ ಕಡೆ. ಟ್ರಸ್ಟಿನವರು ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು. ನಮ್ಮ ಸಂಸ್ಥೆಯ ಹಿರಿಯರು ತಾಲ್ಲೂಕು ಕಚೇರಿಯಿಂದ ಬರಹದಲ್ಲಿ ಬಂದರೆ ನಮ್ಮ ಅಭ್ಯಂತರವಿಲ್ಲ ಎಂದರು. ತಾಲ್ಲೂಕು ಕಚೇರಿಯ ಸಹಾಯವಾಣಿಯಲ್ಲಿದ್ದವರು ಅದು ನಿಮ್ಮ ಮಾಲು, ನಾವು ಹೇಗೆ ಬರೆದುಕೊಡುವುದು, ಕೊಟ್ಟವರನ್ನೇ ಕೇಳಿ ಎಂದರು. ಮೂವರೂ ಹೇಳಿದ್ದು ಸರಿ. ನನ್ನ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಎರಡನೇ ಸುತ್ತು ಫೋನು ಮಾಡಿದೆ. ಅದೇ ಉತ್ತರ, ಅದೇ ಕ್ರಮದಲ್ಲಿ. ಆ ಹೊತ್ತಿಗೆ ನನಗೆ ಹೊಳೆ ಮತ್ತು ಕೋಡಿಗಿಂತ ಈ ಮೂರು ಫೋನುಗಳೇ ಸುತ್ತುಗಟ್ಟಿದ ಹಾಗೆ ಅನಿಸಿತು.

ಇಳಿದು ಬಂದಾಗ ಚಾಲಕ ಲಾರಿಯ ಹಿಂದೆ ನಿಂತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

"ಹಗ್ಗ ಬಿಚ್ಲಾ ಮೇಡಂ?" ಎಂದು ಕೇಳಿದ.

ಬಿಚ್ಚಿ ಎಂದೆ.

ಗ್ರಾಮ ಲೆಕ್ಕಿಗರು ಓಡಿ ಬಂದರು. ತಡೆಯಲು ಬಂದರೆಂದೇ ತಿಳಿದೆ. ಅವರು ಹೇಳಿದ್ದು, "ನಾನು ಮಹಜರು ಬರೀತೀನಿ ಮೇಡಂ. ಆದ್ರೆ ತೀರ್ಮಾನ ನಿಮ್ದು ಅಂತ ಬರೀಬೇಕಾಗ್ತದೆ." ಹಾಗೇ ಬರೆಯಿರಿ ಎಂದೆ.

ಚೀಲದ ಬಾಯಿಯ ಹೊಲಿಗೆಗೆ ಒಂದು ಗುಟ್ಟಿದೆ. ಸರಿಯಾದ ತುದಿಯ ದಾರ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿ ಎಳೆದರೆ ಗಂಟು ಬೀಳುತ್ತದೆ. ಚಾಲಕ ನಾಲ್ಕು ಜನ ಹೆಂಗಸರಿಗೆ ತೋರಿಸಿಕೊಟ್ಟ. ಎರಡು ತರಗತಿಗಳಲ್ಲಿ ಲಾರಿಯ ಟಾರ್ಪಾಲು ಹಾಸಿ ಅಕ್ಕಿ ಸುರಿದೆವು. ಟಾರ್ಪಾಲು ಸಾಲದೆ ಉಳಿದದ್ದು ಕಿತ್ತುಹೋದ ಸಿಮೆಂಟು ನೆಲದ ಮೇಲೇ ಬಿತ್ತು. ಶಾಲೆಯ ಹಿಂದಿನ ದಿಬ್ಬದಲ್ಲಿ ಗಂಡಸರು ಗರಸು ಮಣ್ಣು ಅಗೆದರು. ಅಲ್ಲಿಂದ ಏರಿಯ ಬುಡದವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸಿದರು. ರಸ್ತೆ ದುರಸ್ತಿಗೆಂದು ಯಾವಾಗಲೋ ತಂದು ಹಾಕಿದ್ದ ಮರಳಿನದೊಂದು, ಜಲ್ಲಿಯದೊಂದು ಗುಡ್ಡೆ ಇದ್ದವು, ಅವೂ ಬಂದವು. ನಾನು ಬುಗ್ಗೆಯ ಪಕ್ಕ ಕೆಸರಲ್ಲಿ ನಿಂತು ಚೀಲದ ಬಾಯಿ ಮಡಚಿ ಇಡಿಸುತ್ತಿದ್ದೆ. ತಲೆಯ ಮೇಲೆ ಇಡೀ ಕೆರೆ ಇದೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಓಡಬೇಕಾದರೆ ಎತ್ತ ಓಡುವುದು ಎಂದು ಎರಡು ಸಲ ನೋಡಿಕೊಂಡೆ. ಎತ್ತಲೂ ಇರಲಿಲ್ಲ.

ಸಾಲು ಸಾಗುತ್ತಿರುವಾಗ ನೀರುಗಂಟಿ ಇನ್ನೊಂದು ಮಾತು ತಂದರು. ಕೋಡಿಯ ಬಾಯಿಗೆ ಯಾರೋ ಮೀನಿಗಾಗಿ ಬಲೆ ಕಟ್ಟಿ, ನೀರು ಹೆಚ್ಚು ನಿಲ್ಲಲಿ ಎಂದು ಕಲ್ಲೂ ಪೇರಿಸಿದ್ದಾರೆ, ಕಿತ್ತರೆ ಕೆರೆಯ ಮಟ್ಟ ಒಂದು ಮೊಳ ಇಳಿಯುತ್ತದೆ ಎಂದರು. ಕೀಳಿಸಿದರೆ ಕೋಡಿ ಇನ್ನೂ ಜೋರಾಗುತ್ತದೆ, ಹಟ್ಟಿಯ ದಾರಿ ಇನ್ನೂ ಒಂದೆರಡು ದಿನ ತೆರೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಏರಿ ಹತ್ತಿ ಫೋನಿನಲ್ಲಿ ಕೇಳಿದರೆ ಇಂಜಿನಿಯರು ಕೂಡಲೇ ಕೀಳಿಸಿ ಎಂದರು. ನೀರುಗಂಟಿ ಹತ್ತು ಜನರನ್ನು ಕರೆದುಕೊಂಡು ಹೋದರು. ನಾನೂ ನೋಡಲು ಹೋದೆ.

ಕೋಡಿಯ ಆಚೆ ದಡದಲ್ಲಿ ಹಟ್ಟಿಯ ಜನ ನಿಂತಿದ್ದರು, ಇಪ್ಪತ್ತು ಮೂವತ್ತು ಮಂದಿ. ಬೆಳಗ್ಗೆ ಲಾರಿ ಬಂದು ತಿರುಗಿ ಹೋದಾಗಿನಿಂದ ನಿಂತಿದ್ದರಂತೆ. ಶಾಲೆಯ ದಿಬ್ಬ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಒಬ್ಬರು ಟವೆಲ್ ಎತ್ತಿ ಬೀಸಿದರು. ಧೈರ್ಯ ಹೇಳುವ ಹಾಗೆ ನಾನೂ ಕೈ ಬೀಸಿದೆ. ಕಲ್ಲು ಕಿತ್ತಂತೆಲ್ಲ ನೀರು ಭೋರೆಂದು ಹೆಚ್ಚಿತು, ಅವರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಕತ್ತಲಾಗುವ ಮುಂಚೆ ಚೀಲದ ಕಟ್ಟೆ ಸೊಂಟದೆತ್ತರ ಬಂತು. ಮರುದಿನ ಬೆಳಗ್ಗೆ ಆರಕ್ಕೆ ನೀರುಗಂಟಿ ಒಂದು ಗಾಜಿನ ಲೋಟದಲ್ಲಿ ಒಳಗಿನ ನೀರು ಮೊಗೆದು, ಬೆಳಕಿಗೆ ಹಿಡಿದು, ನನ್ನ ಕೈಗೆ ಕೊಟ್ಟರು. ಲೋಟದ ಆಚೆ ಅವರ ಬೆರಳು ಕಾಣುತ್ತಿತ್ತು.

ಏರಿ ನಿಂತಿತು. ನಾವು ಮಾತ್ರ ಅಲ್ಲೇ ಉಳಿದೆವು. ಇನ್ನೊಂದು ಪೂರ್ತಿ ದಿನ ಹೊಳೆಯೂ ಇಳಿಯಲಿಲ್ಲ, ಕೋಡಿಯೂ ಇಳಿಯಲಿಲ್ಲ. ನಾನು ತರಗತಿಯಲ್ಲಿ ಅಕ್ಕಿ ರಾಶಿಗೆ ಕಾವಲು ಕೂತೆ. ಕಿಟಕಿಯ ಬಾಗಿಲಿಲ್ಲದ ಕಡೆಯಿಂದ ಎರಚಲು ಹೊಡೆಯುತ್ತಿತ್ತು. ಗೋಡೆಯ ಬದಿಯ ಅಕ್ಕಿ ಒದ್ದೆಯಾಗಿ ವಾಸನೆ ಹಿಡಿಯತೊಡಗಿತು. ಗಂಟೆಗೊಮ್ಮೆ ಎರಡೂ ಕೈಯಿಂದ ಅದನ್ನು ಮಗುಚಿ ಹಾಕುತ್ತಿದ್ದೆ. ಕರಿಹಲಗೆಯ ಮೇಲೆ ಯಾರೋ ಬಿಡಿಸಿ ಬಿಟ್ಟಿದ್ದ ಭಾಗಾಕಾರದ ಲೆಕ್ಕ ಇತ್ತು. ಅದನ್ನೇ ನೋಡುತ್ತಾ, ಆಚೆ ಹಟ್ಟಿಯಲ್ಲಿ ಇವತ್ತು ಒಲೆ ಹೊತ್ತಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಏರಿ ಹತ್ತಿ ಸಹಾಯವಾಣಿಗೆ ಕೇಳಿದರೆ, ಆ ಹಟ್ಟಿಗೆ ನಿನ್ನೆಯೇ ಅಕ್ಕಿ ಹೋಗಿದೆ ಎಂದು ನಮೂದಾಗಿದೆಯಲ್ಲ ಎಂದರು. ಹೋಗಿದೆ ಎಂದು ನಮೂದಿಸಿದ್ದು ನನ್ನದೇ ಹಲಗೆ. ಲಾರಿ ಗೋಡೌನು ಬಿಟ್ಟ ಕೂಡಲೇ ಆ ಸಾಲಿಗೆ ಗುರುತು ಹಾಕಿ ಬಂದಿದ್ದೆ. ಅದನ್ನು ಅಳಿಸಿ ಎಂದು ಹೇಳಿ ಇಳಿದು ಬಂದೆ.

ಮೂರನೇ ದಿನ ಹತ್ತರ ಹೊತ್ತಿಗೆ ಕೋಡಿಯ ನೀರು ಮೊಣಕಾಲಿಗೆ ಬಂತು. ರಸ್ತೆ ಕೊಚ್ಚಿಹೋಗಿದ್ದರಿಂದ ಲಾರಿ ಇಳಿಯುವ ಹಾಗಿರಲಿಲ್ಲ. ಹೊತ್ತು ಒಯ್ಯೋಣವೆಂದರೆ ಚೀಲವಿಲ್ಲ. ಎಲ್ಲಾ ಚೀಲ ಏರಿಯ ಬುಡದಲ್ಲಿ ಗರಸು ತುಂಬಿಕೊಂಡು ಕೂತಿದ್ದವು. ನಾಲ್ಕು ಸಾವಿರ ಕೆಜಿ ಅಕ್ಕಿ, ತುಂಬಲು ಒಂದು ಪಾತ್ರೆಯಿಲ್ಲದೆ ನಾನು ಬಾಗಿಲಲ್ಲಿ ನಿಂತಿದ್ದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕೆಳಗಿನ ಬೀದಿಯ ಹೆಂಗಸೊಬ್ಬರು ಬಂದು ನೋಡಿದರು, ಹೋದರು. ತುಸು ಹೊತ್ತಿನಲ್ಲಿ ಒಂದು ದಿಂಬಿನ ಚೀಲ, ಎರಡು ಕೊಡ ತಂದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಬಕೆಟ್ಟು, ಕುಕ್ಕೆ, ಹಿಟ್ಟಿನ ಡಬ್ಬ, ಶಾಲೆಯ ಬ್ಯಾಗು, ಮಡಚಿ ಗಂಟು ಕಟ್ಟಿದ ಸೀರೆ. ನೂರಕ್ಕೆ ಹತ್ತಿರ ಜನ ಮಧ್ಯಾಹ್ನದವರೆಗೆ ಎರಡು ಮೂರು ಸಲ ತಲೆಯ ಮೇಲೆ ಹೊತ್ತು ಕೋಡಿ ದಾಟಿದರು. ಚಾಲಕ ನೀರಿನ ನಡುವೆ ಲಾರಿಯ ಹಗ್ಗ ಹಿಡಿದು ನಿಂತುಬಿಟ್ಟಿದ್ದ, ಕೊನೆಯವರು ದಾಟುವ ತನಕ ಕದಲಲಿಲ್ಲ. ನಾನೂ ಒಂದು ಬಕೆಟ್ ಹೊತ್ತು ದಾಟಿದೆ. ಫೋಟೊ ತೆಗೆಯಲು ಯಾರಿಗೂ ಕೈ ಬಿಡುವಿರಲಿಲ್ಲ. ಟ್ರಸ್ಟಿನವರು ಮುಂದೆ ನಮ್ಮ ಮೂಲಕ ಏನನ್ನೂ ಕಳಿಸಲಿಲ್ಲ. ಅವರ ಪತ್ರದ ಭಾಷೆ ಸಭ್ಯವಾಗಿಯೇ ಇತ್ತು.

ಹಟ್ಟಿಯವರು ಎರಡು ದಿನ ಅಂಗನವಾಡಿಯ ಪುಡಿಯನ್ನು ನೀರಿಗೆ ಕದಡಿ ಮಕ್ಕಳಿಗೆ ಕೊಟ್ಟಿದ್ದರು. ದೊಡ್ಡವರು ಮೊಳಕೆ ಬಂದ ಕಡಲೆಕಾಯಿ ಬೇಯಿಸಿ ತಿಂದಿದ್ದರು. ಹಲವರಿಗೆ ವಾಂತಿ, ಭೇದಿ ಶುರುವಾಗಿತ್ತು. ಒಬ್ಬ ಮುದುಕನನ್ನು ಅದೇ ಸಂಜೆ ಕೊರಟಗೆರೆ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು, ವಾರದ ಮೇಲೆ ಎದ್ದು ಬಂದ. ಅದು ಕಾಯಿಯಿಂದ ಆದದ್ದೋ ನೀರಿನಿಂದಲೋ ಯಾರಿಗೂ ಗೊತ್ತಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಹಟ್ಟಿಯ ಗುಡಿಯ ಜಗಲಿಯಲ್ಲಿ ಒಬ್ಬ ಅಜ್ಜಿ ಬಂದ ಅಕ್ಕಿಯನ್ನು ಅಳೆದು ಹಂಚುತ್ತಿದ್ದರು, ಆ ಮುದುಕನ ಹೆಂಡತಿ. ನಾನು ಹೋಗಿ ಎದುರಿಗೆ ಕೂತೆ. ಮೊದಲಿನಿಂದ ಹೇಳಿದೆ, ಬೆಳಗ್ಗೆ ಹೇರದೆ ಬಿಟ್ಟ ಖಾಲಿ ಚೀಲದ ಕಟ್ಟಿನಿಂದ ಹಿಡಿದು. ಊರು ಉಳಿಸಲು ಬೇರೆ ದಾರಿ ಇರಲಿಲ್ಲ, ಯಾರನ್ನು ಕೇಳಿದರೂ ಒಪ್ಪಿಗೆ ಸಿಗಲಿಲ್ಲ, ಕೊನೆಗೆ ನಾನೇ ಬಿಚ್ಚಿಸಿದೆ ಎಂದೆ. ಅಜ್ಜಿ ಸೇರು ಕೆಳಗಿಟ್ಟು ಕೇಳಿಸಿಕೊಂಡರು.

"ನಾವು ಅಲ್ಲೇ ನಿಂತಿದ್ವಲ್ಲಮ್ಮ, ಕೋಡಿ ತಾವ," ಎಂದರು. "ನಮ್ಮಕ್ಕಿ ಸುರಿಯಾದ ನೋಡ್ತಾ ಇದ್ವಿ. ನನ್ನ ಮಗ ಟವಲ್ ಬೀಸ್ದ, ಏನು ಅಂತ ಕೇಳಾಕೆ. ನೀನೂ ಕೈ ಬೀಸ್ದೆ, ಹೋದೆ."

ಅಜ್ಜಿ ಕೋಡಿಯ ಕಡೆ ಕೈ ತೋರಿಸಿದರು.

"ಒಂದು ಕೂಗು ಹಾಕಿದ್ರೆ ಕೇಳಿಸ್ತಿತ್ತು. ಸುರ್ಕೊಳ್ಳಿ ಅಂತ ನಾವೇ ಅಂತಿದ್ವಿ. ಆ ಊರಾಗೆ ನನ್ನ ಮಗಳನ್ನ ಕೊಟ್ಟಿದೀನಿ, ಬ್ಯಾಡ ಅಂತಿದ್ನಾ?"

ಅಷ್ಟು ಹೇಳಿ ಅವರು ಮತ್ತೆ ಸೇರು ತೆಗೆದುಕೊಂಡರು. ಕೋಪವೇನೂ ಇರಲಿಲ್ಲ ಆ ಮುಖದಲ್ಲಿ. ಬೆಂಗಳೂರಿಗೆ ಎರಡು ಸಲ, ಮಧುಗಿರಿಗೆ ನಾಲ್ಕು ಸಲ ಫೋನು ಮಾಡಿ ಒಪ್ಪಿಗೆ ಬೇಡಿದ್ದೆ ನಾನು. ಅಕ್ಕಿಯ ಯಜಮಾನರು ಕೂಗಳತೆಯಲ್ಲಿ ನಿಂತು ಟವೆಲ್ ಬೀಸುತ್ತಿದ್ದರು.

ಮಧ್ಯಾಹ್ನ ಗುಡಿಯ ಮುಂದೆ ಎಲ್ಲರಿಗೂ ಅನ್ನ ಮಾಡಿದರು. ಹೊತ್ತು ತಂದವರನ್ನೂ ಕೂರಿಸಿದರು, ನನ್ನನ್ನೂ. ಶಾಲೆಯ ನೆಲದ ಸಿಮೆಂಟಿನ ಹರಳು ತುತ್ತಿಗೊಂದು ಹಲ್ಲಿಗೆ ಸಿಗುತ್ತಿತ್ತು. ಪಕ್ಕದಲ್ಲಿ ಕೂತವರು ಅದನ್ನು ತೆಗೆದು ಎಲೆಯ ಅಂಚಿಗೆ ಇಡುತ್ತಾ ಉಣ್ಣುತ್ತಿದ್ದರು. ನಾನೂ ಹಾಗೇ ಮಾಡಿದೆ. ಊಟ ಮುಗಿಯುವ ಹೊತ್ತಿಗೆ ನನ್ನ ಎಲೆಯ ಅಂಚಿನಲ್ಲಿ ಒಂದು ಸಣ್ಣ ಸಾಲೇ ಆಗಿತ್ತು. ಅಜ್ಜಿ ಬಂದು ಅದನ್ನು ನೋಡಿದರು, ಇನ್ನೊಂದು ಸೌಟು ಅನ್ನ ಹಾಕಿದರು.